ಕೈಯೋ, ಬಾಗಿಲೋ?

...ಅಯ್ಯೋ, ಕಣ್ಣು ಬಿಡಬೇಡಿ ಮಾವ! ಈಗಷ್ಟೇ ನರ್ಸಮ್ಮ ಅಷ್ಟು ಹೇಳಿ ಹೋದ್ರಲ್ಲ, ಡ್ರಾಪ್ಸ್ ಹಾಕಿದ್ಮೇಲೆ ಮುಚ್ಕೊಂಡೇ ಕೂತಿರಬೇಕು ಅಂತ. ಮುಚ್ಚಿ, ಮುಚ್ಚಿ. ಹಾಂ, ಹಾಗೆ. ಈ ಹತ್ತಿ ತಗೊಳ್ಳಿ, ಕೆನ್ನೆ ಮೇಲೆ ಇಳೀತಿದೆ... ನೋಡೋಕೆ ನಾನಿದ್ದೀನಲ್ಲ! ಅಳಿಯ ಅಂತ ಪಕ್ಕದಲ್ಲಿ ಇನ್ಯಾಕೆ ಕೂತಿದ್ದೀನಿ? ಗೋಡೆ ಮೇಲೆ ಪರದೆ ಇದೆ. ಪರದೆ ಮೇಲೆ ನಮ್ಮ ನಂಬರ್ ಬಂದಿದೆ. ನಂಬರ್ ಕೆಳಗೆ ಕೈ ತೋರಿಸ್ತಿದೆ. ಕೈ ಅಂದ್ರೆ ಕಾಯಿರಿ, ಬಾಗಿಲು ಬಂದ್ರೆ ಒಳಗೆ ಬನ್ನಿ. ಅಷ್ಟೇ! ಓದೋಕೆ ಬರದವರಿಗೂ ಗೊತ್ತಾಗುತ್ತೆ. ಬಾಗಿಲು ಬಂದ ತಕ್ಷಣ ನಾನೇ ಕೈ ಹಿಡ್ಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸ್ತೀನಿ. ನೀವು ತಲೆ ಕೆಡಿಸ್ಕೋಬೇಡಿ.

ಆ ಪರದೆ ಯಾರ ಕಂಪನಿದು ಗೊತ್ತಾ? ಹೇಳಿ ನೋಡೋಣ... ನಮ್ಮದೇ! ಆ ಕೈ, ಆ ಬಾಗಿಲು, ಎರಡೂ ನಾನೇ ಬರೆದಿದ್ದು. ಐಕಾನ್ ಅಂತೀವಿ ನಾವು, ಇಂಥ ಪುಟ್ಟ ಚಿತ್ರಗಳಿಗೆ. ಯಾಕೆ ನಗ್ತೀರಿ? ನಕ್ಕಿರಿ, ಮೀಸೆ ಅಲ್ಲಾಡ್ತು, ನಾನು ನೋಡ್ದೆ! "ಬೆರಳಗಲದ ಚಿತ್ರ ಬರೆಯೋಕೂ ಸಂಬಳ ಕೊಡ್ತಾರಾ?" ಅಂತ ಮದುವೆ ಮಾತುಕತೆಯಲ್ಲೇ ನಮ್ಮಪ್ಪನ ಮುಂದೆ ಕೇಳಿದೋರು ನೀವು. ನಾನೇನು ಮರೆತಿಲ್ಲ. ಇವತ್ತು ನೋಡಿ, ಊರಿನ ಜನ ಎಲ್ಲಿ ಕೂರಬೇಕು, ಯಾವಾಗ ಏಳಬೇಕು ಅಂತ ನಿಮ್ಮ ಅಳಿಯನ ಬೆರಳಗಲದ ಚಿತ್ರ ಹೇಳ್ತಿದೆ.

ಆ ಕೈ ಬರೆಯೋವಾಗ ನಾನು ಬಚ್ಚಲಮನೆ ಕನ್ನಡಿ ಮುಂದೆ ನನ್ನ ಕೈಯನ್ನೇ ಎತ್ತಿ ಹಿಡ್ಕೊಂಡು ನಿಂತಿರ್ತಿದ್ದೆ. ನಿಮ್ಮ ಮಗಳು ಬಾಗಿಲು ಬಡಿದು ಬಡಿದು ಸುಸ್ತಾಗ್ತಿದ್ಲು. ಕೆಂಪು ಅಂದ್ರೆ ಒರಟು ಕೆಂಪಲ್ಲ ಮಾವ... ಅಂಗೈಯಲ್ಲಿ ಮಾಗಿದ ಕೆಂಪು, ಅಂಚಿಗೆ ನೆರಳು, ಬೆರಳಿನ ಕಡೆ ಹೋಗ್ತಾ ಹೋಗ್ತಾ ತೆಳು ಗುಲಾಬಿ. ಬಾಗಿಲಂತೂ... ಹಸಿರು ಬಾಗಿಲು, ಅರೆ ತೆರೆದಿದೆ, ಸಂದಿಯಿಂದ ಮುಂಜಾನೆಯ ಗುಲಾಬಿ ಬೆಳಕು! ನನ್ನ ಮೇಜಿನ ಮೇಲಿರೋ ದೊಡ್ಡ ಪರದೆಯಲ್ಲಿ ನೋಡ್ಬೇಕು ನೀವು. ಲಕ್ಷ ಲಕ್ಷ ಬಣ್ಣ. ನಮ್ಮ ಆಫೀಸಿನ ಸಾಹೇಬ್ರು ನೋಡಿ "ಈ ಬಾಗಿಲೊಳಗೆ ಹೋಗಿಬಿಡೋಣ ಅನ್ಸುತ್ತಪ್ಪ" ಅಂದ್ರು.

ಇಲ್ಲಿ ಹೇಗೆ ಕಾಣ್ತಿದೆ ಅಂತಾನಾ? ಇಲ್ಲೂ... ಇಲ್ಲೂ ಚೆನ್ನಾಗಿದೆ. ಸ್ವಲ್ಪ ಬೇರೆ ಥರ ಚೆನ್ನಾಗಿದೆ.

ಏನು? ಶಬ್ದಾನಾ? ಚಿಲ್ಲರೆ ಮಾವ, ಜೇಬಲ್ಲಿ ಚಿಲ್ಲರೆ. ನನ್ನ ಕೈ ಸುಮ್ಮನಿರಲ್ಲ, ಏನಾದ್ರೂ ಆಡಿಸ್ತಾನೇ ಇರುತ್ತೆ. ನಿಮ್ಮ ಕಿವಿ ಮಾತ್ರ ಭೇಷ್! ವರ್ಷಗಟ್ಟಲೆ ರೈಲು ಎಂಜಿನ್ ಓಡಿಸಿದ ಕಿವಿ, ಆದ್ರೂ ಒಂದು ಕಿಣಿಕಿಣಿ ಬಿಡಲ್ಲ ನೋಡಿ...

ಅದಿರಲಿ, ಒಳಗೆ ನರ್ಸಮ್ಮ ಬೋರ್ಡ್ ಓದಿಸಿದ್ರಲ್ಲ, ಹೇಗಾಯ್ತು? ಬಣ್ಣ ಗೊತ್ತಾಗುತ್ತಾ ಅಂತ ನೋಡೋ ಚುಕ್ಕಿ ಪುಸ್ತಕಾನೂ ತೋರಿಸಿದ್ರಾ? ...ಅದೇನು, ಭುಜ ಕುಣಿಸಿಬಿಟ್ರೆ ನಾನೇನು ಅರ್ಥ ಮಾಡ್ಕೊಳ್ಳಲಿ? ಕಡೇ ಸಾಲು ಕಾಣಲಿಲ್ವಾ? ಪರವಾಗಿಲ್ಲ ಮಾವ, ಬೇಜಾರು ಮಾಡ್ಕೋಬೇಡಿ. ಈ ವಯಸ್ಸಿಗೆ ಯಾರಿಗೆ ಕಾಣುತ್ತೆ ಕಡೇ ಸಾಲು? ನಿಜ ಹೇಳ್ಬೇಕಂದ್ರೆ ಈ ಪರೀಕ್ಷೇನೇ ಬೇಡ ಅಂತ ಬಡ್ಕೊಂಡೆ ನಾನು. ವಯಸ್ಸಾಗಿದೆ, ಕಣ್ಣು ಮಸುಕಾಗಿದೆ, ಮುಗೀತು! ಡಾಕ್ಟರ್ ಬಂದು ಹೇಳಬೇಕಾ? ನಿಮ್ಮ ಮಗಳು ಕೇಳಿದ್ರೆ ತಾನೆ! "ಅಪ್ಪ ಇಡೀ ದಿನ ಕಿಟಕಿ ಹತ್ರ ಕೂತಿರ್ತಾರೆ, ನನಗೆ ನೋಡೋಕಾಗಲ್ಲ, ಕಣ್ಣಿಗೆ ಏನಾಗಿದೆ ಅಂತ ಗೊತ್ತಾಗಲೇಬೇಕು, ನನಗೆ ರಜ ಸಿಗಲ್ಲ, ನೀವೇ ಕರ್ಕೊಂಡು ಹೋಗಿ." ಎರಡು ಸಲ ಮುಂದಕ್ಕೆ ಹಾಕ್ದೆ... ಅಂದ್ರೆ, ಆಫೀಸಲ್ಲಿ ಕೆಲಸ ಇತ್ತು.

ಬೇಕಿದ್ರೆ ಈಗಲೂ ಎದ್ದು ಹೋಗಿಬಿಡೋಣ. ಡಾಕ್ಟರಮ್ಮ ಇರಲಿಲ್ಲ ಅಂತ ಹೇಳಿದ್ರಾಯ್ತು. ಏನಂತೀರಿ? ...ಬೇಡ್ವಾ? ಸರಿ. ಕೂತ್ಕೊಳ್ಳಿ. ಕೂತ್ಕೊಳ್ಳೋದಕ್ಕೇನು, ಕುರ್ಚಿ ಮೆತ್ತಗಿದೆ.

ಹಾಂ ಅಜ್ಜಿ, ಏನು? ...ಕೈ ಅಜ್ಜಿ, ಅದು ಕೈ. ಕಾಯ್ಬೇಕು. ಅಲ್ಲ, ನಿಮ್ಮ ನಂಬರಲ್ಲ, ಅದು ನಮ್ಮದು. ನೀವು ನಮ್ಮ ಹಿಂದೆ. ಕೂತ್ಕೊಳ್ಳಿ... ಪಾಪ, ಆಗ್ಲಿಂದ ಎದ್ದು ಎದ್ದು ಕೂರ್ತಿದ್ದಾರೆ, ಕಣ್ಣಿಗೆ ಕೈ ಅಡ್ಡ ಇಟ್ಕೊಂಡು ಪರದೆ ನೋಡೋದು, ಕಣ್ಣು ಉಜ್ಜೋದು. "ಇಷ್ಟೊಂದು ಹಾಳಾಗಿದೆ ಅಂತ ಗೊತ್ತಿರಲಿಲ್ಲಪ್ಪ ನನ್ನ ಕಣ್ಣು" ಅಂತಾರೆ. ನಾನು ಏನು ಹೇಳ್ಲಿ? ಇಲ್ಲಿ ಎಲ್ಲರದ್ದೂ ಅದೇ ಕಥೆ. ಮೂಲೇಲಿ ಪಟ್ಟಿ ಕಟ್ಕೊಂಡು ಕೂತಿದ್ದಾರಲ್ಲ... ನಿಮಗೆ ಕಾಣಲ್ಲ ಬಿಡಿ... ಅವರು ಪಟ್ಟಿ ಸ್ವಲ್ಪ ಎತ್ತಿ ನೋಡ್ತಾರೆ, ತಲೆ ಅಲ್ಲಾಡಿಸಿ ಮತ್ತೆ ಇಳಿಸ್ತಾರೆ.

ಯಾಕೆ ಹಾಗೆ ಹುಬ್ಬೇರಿಸ್ತೀರಿ? ಪರದೆ ಸರಿಯಾಗೇ ಇದೆ! ಕಷ್ಟ ಏನಂದ್ರೆ... ಹೇಗೆ ಹೇಳೋದು ನಿಮಗೆ... ನಾನು ಬರೆಯೋದು ಲಕ್ಷ ಬಣ್ಣದಲ್ಲಿ. ಆ ಗೋಡೆ ಪರದೆಗೆ ಗೊತ್ತಿರೋದು ಹದಿನಾರೇ ಬಣ್ಣ. ಹದಿನಾರು! ನಮ್ಮ ಪುಟ್ಟಿಯ ಬಣ್ಣದ ಪೆಟ್ಟಿಗೆಯಲ್ಲಿ ಇದಕ್ಕಿಂತ ಜಾಸ್ತಿ ಇದೆ. ನಾನು ಮಾಗಿದ ಕೆಂಪು ಕೊಡ್ತೀನಿ. ಅದು ತನ್ನ ಹದಿನಾರರಲ್ಲಿ ಹುಡುಕುತ್ತೆ, ಮಾಗಿದ ಕೆಂಪು ಇಲ್ಲ. ಹತ್ತಿರದ್ದು ಯಾವುದಿದೆ? ಕೆಸರು ಬಣ್ಣ. ಕೆಸರೇ ಬಳಿದುಬಿಡು! ನೆರಳಿರೋ ಹಸಿರು ಕೊಡ್ತೀನಿ. ಅದೂ ಇಲ್ಲ. ಹತ್ತಿರದ್ದು ಯಾವುದು? ಅದೇ ಕೆಸರು! ತಪ್ಪು ಯಾರದ್ದು ಹೇಳಿ? ನನ್ನದಾ? ನಾನು ಕೆಂಪೇ ಕೊಟ್ಟಿದ್ದೆ, ಹಸಿರೇ ಕೊಟ್ಟಿದ್ದೆ.

ಇನ್ನೊಂದು ತಮಾಷೆ ಕೇಳಿ. ಆ ಹದಿನಾರರಲ್ಲಿ ಒಂದು ಬಣ್ಣ, ಒಂಥರಾ ಗುಲಾಬಿ, ಅದು ಬಣ್ಣವೇ ಅಲ್ಲ. ಅದು ಎಲ್ಲಿ ಬಂದ್ರೂ ಅಲ್ಲಿ ಏನೂ ಬಳೀಬೇಡ, ಹಿಂದೆ ಇರೋದು ಕಾಣಲಿ ಅಂತ ಒಂದು ಒಪ್ಪಂದ. ಚಿತ್ರದ ಸುತ್ತ ಖಾಲಿ ಜಾಗ ಬೇಕಲ್ಲ, ಅದಕ್ಕೆ. ಈಗ ನನ್ನ ಬೆರಳುಗಳು ಗುಲಾಬಿ... ಹೂಂ. ಮಾಯ. ಐದೂ ಮಾಯ. ಬಾಗಿಲ ಸಂದಿಯ ಮುಂಜಾನೆ ಬೆಳಕೂ ಗುಲಾಬಿ. ಅದೂ ಮಾಯ. ಉಳಿಯೋದು... ನಿಜ ಹೇಳ್ಬೇಕಂದ್ರೆ, ಎರಡೂ ಕಡೆ ಉಳಿಯೋದು ಒಂದು ಕೆಸರು ಬಣ್ಣದ ಚೌಕ. ಆದ್ರೆ ತಿಳಿದೋರಿಗೆ ಗೊತ್ತಾಗುತ್ತೆ ಮಾವ! ಸೂಕ್ಷ್ಮವಾಗಿ ನೋಡಿದ್ರೆ ಕೈಯ ಚೌಕದಲ್ಲಿ ಕೈತನ ಇದೆ, ಬಾಗಿಲ ಚೌಕದಲ್ಲಿ... ನಗಬೇಡಿ! ಡ್ರಾಪ್ಸ್ ಎಲ್ಲ ಹೊರಗೆ ಬರುತ್ತೆ, ನಗಬೇಡಿ. ನಾನೇನು ರೈಲು ಬಿಡ್ತಿಲ್ಲ. ರೈಲು ಬಿಡ್ತಿದ್ದೋರು ನೀವು.

ನೀವು ನಕ್ಕ ಹಾಗೇ ನಕ್ಕಿದ್ಲು ನಮ್ಮ ಆಫೀಸಲ್ಲೊಬ್ಬಳು. ತಪ್ಪು ಹುಡುಕೋದೇ ಅವಳ ಕೆಲಸ. ಅದಕ್ಕೂ ಸಂಬಳ! ಏನು ಮಾಡಿ ಕೊಟ್ರೂ ಕೊಕ್ಕೆ ಹಾಕ್ತಾಳೆ ಅಂತ ಕೊಕ್ಕೆ ಅಂತಲೇ ಕರೀತೀವಿ. ಒಂದಿನ ಮೀಟಿಂಗಿಗೆ ಆ ಅಗ್ಗದ ಪರದೇನ ಕಂಕುಳಲ್ಲಿ ಇಟ್ಕೊಂಡು ಬಂದು ಮೇಜಿನ ಮೇಲೆ ಇಟ್ಟಳು. "ಇದು ಕೈಯೋ, ಬಾಗಿಲೋ, ಯಾರಾದ್ರೂ ಹೇಳಿ" ಅಂದ್ಲು. ಸಾಹೇಬ್ರು ಕನ್ನಡಕ ಏರಿಸಿ, ಇಳಿಸಿ, "ಕೈನೇ ಕಣಮ್ಮ, ಮುಷ್ಟಿ ಹಿಡಿದಿದೆ" ಅಂದ್ರು. ಲೆಕ್ಕಪತ್ರದೋರು "ಬಾಗಿಲು" ಅಂದ್ರು, ಸಾಹೇಬ್ರ ಮುಖ ನೋಡಿ "ಬಾಗಿಲಿನ ಹತ್ರ ಇರೋ ಕೈ" ಅಂದ್ರು. ಮಾರಾಟದೋರು "ಗಿರಾಕಿ ಏನಂತಾರೋ ಅದೇ" ಅಂದ್ರು. ಕೊನೆಗೆ ಕೈ ಎತ್ತಿಸಿ ಮತ ಹಾಕಿಸಿದ್ವಿ. ಬಹುಮತದಿಂದ ಅದು ಕೈ ಅಂತ ತೀರ್ಮಾನ ಆಯ್ತು. ಎಲ್ಲಾ ಮುಗಿದ ಮೇಲೆ ಅವಳು ನಿಧಾನವಾಗಿ ಹೇಳ್ತಾಳೆ, "ಇದು ಬಾಗಿಲು" ಅಂತ.

ಅವಳಿಗೇನು ಬೇಕಂತೆ ಗೊತ್ತಾ? ನೆರಳು ತೆಗೀಬೇಕಂತೆ. ಚಪ್ಪಟೆ ಬಣ್ಣ ಹಾಕಬೇಕಂತೆ, ಸುತ್ತ ದಪ್ಪ ಕಪ್ಪು ಗೆರೆ ಎಳೀಬೇಕಂತೆ. ನನ್ನ ಕೈಗೆ! ನನ್ನ ಮುಂಜಾನೆಗೆ! "ಸರ್, ಒಂದು ಮಧ್ಯಾಹ್ನದ ಕೆಲಸ" ಅಂದ್ಲು. ಕೆಲಸದ ಪ್ರಶ್ನೆ ಅಲ್ಲಮ್ಮ, ಇದು ಕಲೆ, ಇದನ್ನ ಅಷ್ಟು ದೊಡ್ಡ ಪರದೆ ಮೇಲೆ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದ್ದಾರೆ ಅಂದೆ. "ಆ ಪರದೆ ನಿಮ್ಮ ಮೇಜಿನ ಮೇಲೆ ಮಾತ್ರ ಇದೆ ಸರ್" ಅಂದ್ಲು! ಎಷ್ಟು ಬಾಯಿ ನೋಡಿ.

ಆ ಪರದೇನ ಮೊದಲು ಒಂದು ಬ್ಯಾಂಕಿನ ಗೋಡೆಗೆ ಹಾಕಿದ್ವಿ. ಒಂದೇ ವಾರಕ್ಕೆ ಗಲಾಟೆ. ನಾನು ಮೊದಲು, ನೀನು ಮೊದಲು ಅಂತ ಜನ ಕೊರಳಪಟ್ಟಿ ಹಿಡ್ಕೊಂಡ್ರು. ನಮ್ಮ ಸಾಹೇಬ್ರ ತಲೆ ಓಡಿದ್ದು ಆಗಲೇ. ಅವರನ್ನ ಉಳಿತಾಯ ಸಾಹೇಬ್ರು ಅಂತೀವಿ, ಗೋಂದಿನ ಡಬ್ಬಿಗೂ ನೀರು ಬೆರೆಸೋ ಮನುಷ್ಯ. "ಕಣ್ಣಾಸ್ಪತ್ರೆಗೆ ಮಾರ್ರಯ್ಯ" ಅಂದ್ರು. ಊರಲ್ಲಿರೋ ಕಣ್ಣಾಸ್ಪತ್ರೆಗಳಿಗೆಲ್ಲ ಹಾಕಿದ್ವಿ. ಮಾವ, ಇವತ್ತಿನವರೆಗೆ ಒಂದು ದೂರು ಬಂದಿಲ್ಲ! ಒಂದೇ ಒಂದು! ಬಂದೋರೆಲ್ಲ ತಮ್ಮ ಕಣ್ಣನ್ನೇ ಬೈಕೊಂಡು ಹೋಗ್ತಾರೆ. ಆ ಖುಷಿಗೆ ನನ್ನನ್ನ ಐಕಾನ್ ವಿಭಾಗದ ಮುಖ್ಯಸ್ಥ ಮಾಡ್ತಿದ್ದಾರೆ. ನಿಮ್ಮ ಮಗಳಿಗೆ ಇನ್ನೂ ಹೇಳಿಲ್ಲ. ಈ ವಾರ ಎಲ್ಲರ ಮುಂದೆ ಹೂಗುಚ್ಛ ಕೊಟ್ಟು...

ಕಂಗ್ರಾಚುಲೇಷನ್ಸ್ ಅನ್ನೋಲ್ವಾ? ಒಂದು "ಹೂಂ" ಆದ್ರೂ?

ಇನ್ನೂ ಸಾವಿರಾರು ಪರದೆ ಉಳ್ಕೊಂಡಿತ್ತು ಗೋದಾಮಲ್ಲಿ. ಅಗ್ಗಕ್ಕೆ ಸಿಕ್ತು ಅಂತ ಸಾಹೇಬ್ರು ರಾಶಿ ಹಾಕಿಸಿಬಿಟ್ಟಿದ್ರಲ್ಲ. ಬಿಸಾಕೋಕಾಗುತ್ತಾ? ಲಿಫ್ಟಿಗೆ ಹಾಕಿದ್ವಿ, ಟಿಕೆಟ್ ಕೊಡೋ ಯಂತ್ರಕ್ಕೆ ಹಾಕಿದ್ವಿ, ಬಟ್ಟೆ ಒಗೆಯೋ...

...ಏನಿಲ್ಲ. ಅಲ್ಲಿ ಇಲ್ಲಿ ಹಾಕಿದ್ವಿ ಅಂದೆ.

ಯಾಕೆ ಈ ಕಡೆ ತಿರುಗಿದ್ರಿ? ಕಣ್ಣು ಮುಚ್ಕೊಂಡೇ ನನ್ನ ಕಡೆ ತಿರುಗ್ತೀರಲ್ಲ, ಒಂಥರಾ ಆಗುತ್ತೆ ನನಗೆ. ಮುಂದಕ್ಕೆ ತಿರುಗಿ ಕೂತ್ಕೊಳ್ಳಿ. ನೀರು ಬೇಕಾ? ಟೀ ತರ್ಲಾ? ...ಬೇಡ. ಏನೂ ಬೇಡ ನಿಮಗೆ.

ನೋಡಿ, ಆ ಕೋಟಿನ ವಿಷಯ ನೀವಿನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀರಿ. ಮರೆತುಬಿಡಿ ಮಾವ. ನಿಮ್ಮ ಮಗಳೇ ಮರೆತಿದ್ದಾಳೆ. ಅವಳ ಒಳ್ಳೆ ಉಣ್ಣೆ ಕೋಟು, ನಿಜ. ನೀವು ಒಗೆಯೋ ಯಂತ್ರಕ್ಕೆ ಹಾಕಿದ್ರಿ. ತಣ್ಣೀರಿನ ಗುಂಡಿ ಒತ್ತಿದೆ ಅಂದ್ರಿ, ಯಂತ್ರ ಕುದಿಯೋ ನೀರು ಬಿಡ್ತು. ಕೋಟು ಪುಟ್ಟಿಯ ಗೊಂಬೆಗಾಯ್ತು. ಗೊಂಬೆಗೂ ತೋಳು ಬಿಗಿ! ಎಲ್ಲರೂ ನಕ್ಕಿದ್ವಿ. ನೀವೂ ನಕ್ಕಿರಿ. ನಾನು ಆಡಿದ್ದು ಒಂದೇ ಮಾತು, ಅದೂ ತಮಾಷೆಗೆ... "ಮಾವನಿಗೆ ಕೆಂಪು ಯಾವುದು ನೀಲಿ ಯಾವುದು ಗೊತ್ತಾಗ್ತಿಲ್ಲ ಅನ್ಸುತ್ತೆ" ಅಂದೆ. ನಿಮ್ಮ ಮಗಳ ಮುಖ ಬಿಳಿಚಿಕೊಂಡುಬಿಡ್ತು. "ಅಪ್ಪ, ನೀವು ದಿನಾ ಪುಟ್ಟೀನ ಕೂರಿಸ್ಕೊಂಡು ಗಾಡಿ ಓಡಿಸ್ತೀರಲ್ಲ... ಸಿಗ್ನಲ್ಲು..." ಅಂದ್ಲು. ನೀವಾದ್ರೂ ಒಂದು ಮಾತು ವಾದ ಮಾಡ್ಬಾರ್ದಾ? ಕೂಗಾಡಬಾರದಾ? ಮಂಜಲ್ಲಿ ಸಿಗ್ನಲ್ ಕಂಡವನು ನಾನು, ನಿಮ್ಮ ಕೋಟು ಯಾವ ಲೆಕ್ಕ ಅಂತ ಅನ್ನಬಾರದಾ? ಎದ್ದು ಹೋದ್ರಿ, ಕಾರಿನ ಕೀ ತಂದು ಮೇಜಿನ ಮೇಲೆ ಇಟ್ರಿ. "ಅನುಮಾನ ಇದ್ರೆ ಕೆಂಪು" ಅಂದ್ರಿ. ಅಷ್ಟೇ. ಹೋಗಿ ಕಿಟಕಿ ಹತ್ರ ಕೂತ್ರಿ.

ಅದು ನಿಮ್ಮ ಎಂಜಿನ್ ಮಾತು ಅಂತ ನನಗೆ ಗೊತ್ತು. ಪುಟ್ಟಿಗೆ ಎಷ್ಟು ಸಲ ಹೇಳಿದ್ದೀರಿ! ಎಂಜಿನ್ ಒಳಗೆ ಇಬ್ಬರು. ಸಿಗ್ನಲ್ ಕಂಡ ತಕ್ಷಣ ಇಬ್ಬರೂ ಬಾಯಿಬಿಟ್ಟು ಕೂಗಬೇಕು, ಕೆಂಪಾದ್ರೆ ಕೆಂಪು, ಹಸಿರಾದ್ರೆ ಹಸಿರು. ಒಬ್ಬ ಕೂಗಿ ಇನ್ನೊಬ್ಬ ಸುಮ್ಮನಿದ್ರೆ ಗಾಡಿ ಮುಂದೆ ಹೋಗೋ ಹಾಗಿಲ್ಲ. ಅನುಮಾನ ಬಂದ್ರೆ ಕೆಂಪು ಅಂತಲೇ ಲೆಕ್ಕ. ನೀವು ಅದನ್ನ ಕಾರಿಗೂ ತಂದ್ರಿ, ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು. "ಹಸಿರು ತಾತಾ!" ಅಂತ ಅವಳು, "ಹಸಿರು!" ಅಂತ ನೀವು. ಈಗ ನಾನು ಓಡಿಸ್ತೀನಲ್ಲ, ನನ್ನ ಪ್ರಾಣ ತಿಂತಾಳೆ. "ಅಪ್ಪ, ನಾನು ಕೂಗ್ದೆ, ನೀನು ಕೂಗಲಿಲ್ಲ, ಹೋಗ್ಬೇಡ!" ಅಂತಾಳೆ. ಹಿಂದೆ ಹಾರ್ನ್ ಮೇಲೆ ಹಾರ್ನ್. ನಾನು ಬೈತೀನಿ. "ತಾತ ಒಂದು ದಿನಾನೂ ತಪ್ಪು ಕೂಗಿಲ್ಲ, ನೀನೇ ಕೂಗಲ್ಲ" ಅಂತ ಅಳ್ತಾಳೆ...

ಅಂದ್ರೆ... ಮಕ್ಕಳ ಮಾತು. ಮಕ್ಕಳಿಗೇನು ಗೊತ್ತಾಗುತ್ತೆ.

ಅಲ್ಲಾ, ನಾನೇನು ಆ ಕಾರಿಗಾಗಿ ಬಾಯಿಬಿಟ್ಕೊಂಡು ಕೂತಿದ್ನಾ? ನಾನು ಬಸ್ಸಲ್ಲಿ ಆರಾಮಾಗಿದ್ದೆ! ಆರಾಮ ಅಂದ್ರೆ... ನಿಂತ್ಕೊಂಡು ಹೋಗ್ತಿದ್ದೆ, ಬೆವರು ವಾಸನೆ, ಯಾರದೋ ಮೊಣಕೈ ಪಕ್ಕೆಗೆ. ಇರಲಿ. ಮೇಜಿನ ಮೇಲೆ ಬಿದ್ದಿದ್ದ ಕೀ. ಯಾರಾದ್ರೂ ಓಡಿಸ್ಲೇಬೇಕಲ್ಲ, ನಿಂತಲ್ಲೇ ನಿಂತ್ರೆ ಬ್ಯಾಟರಿ ಹಾಳಾಗುತ್ತೆ. ನಿಮ್ಮ ಗಾಡಿ ಒಳ್ಳೇದಕ್ಕೇ ನಾನು... ಸೀಟು ಹಿಂದಕ್ಕೆ ತಳ್ಳಿದ್ದೀನಿ ಅಷ್ಟೇ, ಇನ್ನೇನೂ ಮುಟ್ಟಿಲ್ಲ. ಕೀಗೆ ಕಟ್ಟಿರೋ ನಿಮ್ಮ ಎಂಜಿನ್ನಿನ ಹಿತ್ತಾಳೆ ಬಿಲ್ಲೆ ಕೂಡ ಹಾಗೇ ಇದೆ.

ಏನು? ...ಹೂಂ. ಅದೇ ಶಬ್ದ. ಚಿಲ್ಲರೆ ಅಲ್ಲ. ಸುಮ್ಮನೆ ಯಾಕೆ ನಿಮ್ಮ ಮನಸ್ಸಿಗೆ ನೋವು ಅಂತ ಚಿಲ್ಲರೆ ಅಂದೆ. ಆಗ್ಲೇ ಗೊತ್ತಾಯ್ತಾ ನಿಮಗೆ? ಮತ್ತೆ ಹೇಳಬಾರದಾ!

ಈ ಡಾಕ್ಟರಮ್ಮ ಒಳಗೆ ಏನ್ಮಾಡ್ತಿದ್ದಾರೋ. ಎಷ್ಟು ಹೊತ್ತಾಯ್ತು! ಹಾಲ್ ತುಂಬಿಹೋಗಿದೆ, ಗೋಡೆಗೆ ಒರಗಿ ನಿಂತಿದ್ದಾರೆ ಜನ. ನೋಡಿ, ಇನ್ನೂ ಕೈನೇ. ಸ್ಪಷ್ಟವಾಗಿ ಕೈ. ನಾನು ಕಣ್ಣು ಮಿಟುಕಿಸದೆ ನೋಡ್ತಿದ್ದೀನಿ...

ಹಾಂ? ಯಾರು? ನಮ್ಮನ್ನಾ ಕೂಗಿದ್ದು? ...ಹೌದಮ್ಮ, ಅದು ನಮ್ಮ ನಂಬರೇ. ಏನು? ಬಾಗಿಲಾ? ಆಗ್ಲಿಂದ ಬಾಗಿಲಾ?! ಇಲ್ಲ ಇಲ್ಲ, ನಾನು ನೋಡ್ತಾನೇ ಇದ್ದೆ, ಅದು... ಕಣ್ಣು ಕಾಣಲ್ವಾ ಅಂತ ಕಿರುಚ್ತೀರಲ್ರೀ, ಇದು ಕಣ್ಣಾಸ್ಪತ್ರೆ! ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ. ಇವರಿಗೆ ಡ್ರಾಪ್ಸ್ ಹಾಕಿದ್ದಾರೆ, ಇವರಿಗೆ ಹೇಗೆ ಕಾಣುತ್ತೆ? ...ನನಗಾ? ನನಗೇನಾಗಿದೆ? ನನ್ನ ಕಣ್ಣು ಚೆನ್ನಾಗೇ ಇದೆ! ನಾನ್ಯಾಕೆ ಚೀಟಿ ಮಾಡಿಸ್ಲಿ? ನನಗೆ ಪರೀಕ್ಷೆ ಬೇಡಮ್ಮ, ನಾನು ಜೊತೆಗೆ ಬಂದೋನು! ...ಸರಿ, ಸರಿ, ಡಾಕ್ಟರಮ್ಮನಿಗೆ ಹೇಳಿ, ಬಂದ್ವಿ. ಈಗಲೇ ಬಂದ್ವಿ.

ನೋಡಿದ್ರಾ ಆ ನರ್ಸಮ್ಮನ ದರ್ಪ? ಎಲ್ಲರ ಮುಂದೆ! ಆ ಅಜ್ಜಿ ಬೇರೆ ನನ್ನನ್ನ ಎಷ್ಟು ಕನಿಕರದಿಂದ ನೋಡ್ತಿದ್ದಾರೆ... "ನಿನಗೂ ಕಾಣಲ್ವಾ ಮಗಾ, ಇಷ್ಟು ಚಿಕ್ಕ ವಯಸ್ಸಿಗೆ" ಅಂತಾರೆ! ಏಳಿ ಮಾವ. ಕೈ ಕೊಡಿ. ಏಳಿ.

ಯಾಕೆ ಏಳ್ತಿಲ್ಲ?

ಯಾಕೆ ಕಣ್ಣು ಬಿಟ್ರಿ? ಮುಚ್ಚಿ ಅಂತ ಹೇಳಿದಾರೆ... ಹೋಗ್ಲಿ, ಬಿಟ್ಟಿದ್ದೀರಿ. ಏನು ತೋರಿಸ್ತೀರಿ? ಪರದೆನಾ? ಹೌದು, ಪರದೆ. ನೋಡ್ತಿದ್ದೀನಿ. ಈಗ್ಲಾ? ಈಗ ಏನು ತೋರಿಸ್ತಿದೆ ಅಂತಾನಾ? ಈಗ... ಆ ನರ್ಸಮ್ಮ ಬಾಗಿಲು ಅಂದ್ರಲ್ಲ, ಹಾಗಾದ್ರೆ ಬಾಗಿಲು. ಆದ್ರೆ ಒಳಗೆ ಹೋಗಿ ಬದಲಾಯಿಸಿರಬಹುದು... ಹಾಗಾದ್ರೆ ಕೈ. ಇರಿ, ಹತ್ತಿರ ಹೋಗಿ ನೋಡ್ತೀನಿ. ಬೇಡ್ವಾ? ಇಲ್ಲಿಂದಲೇ ಹೇಳ್ಬೇಕಾ?

ಮಾವ, ಏನಾದ್ರೂ ಅನ್ನಿ. ಬೈರಿ. ಹೀಗೆ ಬೆರಳು ಚಾಚ್ಕೊಂಡು ಸುಮ್ಮನೆ ನನ್ನ ಬಾಯಿ ನೋಡ್ತಾ ಕೂತ್ರೆ... ಓ. ಕಾಯ್ತಿದ್ದೀರಿ. ನಾನು ಕೂಗ್ಲಿ ಅಂತ ಕಾಯ್ತಿದ್ದೀರಿ, ಅಲ್ವಾ? ಎಂಜಿನ್ನಲ್ಲಿ ಕೂಗೋ ಹಾಗೆ.

ಕೂಗೋಕೆ... ನನಗೆ ಗೊತ್ತಾಗ್ತಿಲ್ಲ ಮಾವ. ನಾನೇ ಬರೆದಿದ್ದು, ನನಗೇ ಗೊತ್ತಾಗ್ತಿಲ್ಲ. ಒಂದು ಕೆಸರು ಚೌಕ ಕಾಣ್ತಿದೆ. ಆಗ್ಲಿಂದ ಅದೇ ಕಾಣ್ತಿದೆ. ನಾನು ಕೈ ಅಂದಿದ್ದು... ಸುಮ್ಮನೆ ಅಂದೆ. ನೀವು ಒಳಗೆ ಹೋಗೋದು ಬೇಡವಾಗಿತ್ತು ನನಗೆ.

ಒಳಗೆ ಎಲ್ಲಾ ಸಾಲೂ ಓದಿದ್ರಿ, ಅಲ್ವಾ? ಕಡೇ ಸಾಲೂ ಓದಿದ್ರಿ. ಚುಕ್ಕಿ ಪುಸ್ತಕವನ್ನೂ. ಭುಜ ಕುಣಿಸಿದ್ದು ಅದಕ್ಕೇನಾ? ...ಹೂಂ.

ಮನೇಲಿರೋ ಒಗೆಯೋ ಯಂತ್ರದ್ದೂ ಅದೇ ಪರದೆ ಮಾವ. ನಮ್ಮ ಗೋದಾಮಿಂದ ಬಂದಿದ್ದೇ. ಬಿಸಿಗೆ ಕೆಂಪು ಹನಿ, ಮೇಲೆ ಗುಲಾಬಿ ಆವಿ. ತಣ್ಣೀರಿಗೆ ನೀಲಿ ಹನಿ, ಸುತ್ತ ಗುಲಾಬಿ ಹಿಮ. ಆವಿ ಮಾಯ, ಹಿಮ ಮಾಯ, ಎರಡು ಹನಿ, ಎರಡೂ ಕೆಸರು. ನಾನು ಒಗೆಯೋವಾಗ ಎಡಗಡೆಯದು ತಣ್ಣೀರು ಅಂತ ನೆನಪಿಟ್ಕೊಂಡು ಒತ್ತೋದು. ನಿಮಗೆ ಹೇಳಬಹುದಿತ್ತು. ಕೋಟು ಗೊಂಬೆಗಾದ ದಿನವೇ ಹೇಳಬಹುದಿತ್ತು. ಆ ಕೊಕ್ಕೆ ಅದಕ್ಕೂ ಮುಂಚೆನೇ ನನಗೆ ಹೇಳಿದ್ಲು, "ಸರ್, ಯಾರಾದ್ರೂ ವಯಸ್ಸಾದೋರು ತಮ್ಮ ಕಣ್ಣೇ ಹೋಯ್ತು ಅಂದ್ಕೊಳ್ತಾರೆ" ಅಂತ. ನಾನು ಅವತ್ತು ಜೋರಾಗಿ ನಕ್ಕಿದ್ದೆ... ಕೋಟು ಹಾಳಾದ ದಿನ ಊಟದ ಮೇಜಿನ ಹತ್ರ ನಿಮ್ಮ ಮಗಳು ನಿಮ್ಮನ್ನ ನೋಡ್ತಿದ್ಲು, ನನ್ನನ್ನಲ್ಲ. ನನ್ನ ಮನಸ್ಸು ಎಷ್ಟು ಹಗುರಾಯ್ತು ಗೊತ್ತಾ? ಥೂ! ನಾಚಿಕೆ ಆಗುತ್ತೆ ಹೇಳೋಕೆ. ನೀವು ಕಿಟಕಿ ಹತ್ರ ಕೂತು ರಸ್ತೇಲಿ ಹೋಗೋ ಒಂದೊಂದು ಗಾಡಿಯ ಬಣ್ಣಾನೂ ಮೆಲ್ಲಗೆ ಹೇಳ್ಕೊಳ್ತಿದ್ರಿ. ನಿಮ್ಮ ಕಣ್ಣನ್ನ ನೀವೇ ಪರೀಕ್ಷೆ ಮಾಡ್ಕೊಳ್ಳೋ ಹಾಗೆ. ನಾನು ಕೇಳಿಸ್ಕೊಂಡಿದ್ದೀನಿ. ಕೇಳಿಸ್ಕೊಂಡು, ಕೀ ತಗೊಂಡು, ಆಫೀಸಿಗೆ ಹೋಗಿದ್ದೀನಿ.

ನಿಮ್ಮ ಮಗಳಿಗೆ ನಾನೇ ಹೇಳ್ತೀನಿ. ಇವತ್ತೇ. ಬೇಕಾದ್ರೆ ಇಲ್ಲಿಂದಲೇ ಫೋನ್... ಮತ್ತೇನು? ಏನು ಬೇಕು? ಆ ಪರದೆ ವಿಷಯ ಆಸ್ಪತ್ರೆಯವರಿಗೂ ಹೇಳ್ಬೇಕಾ? ಹೇಳ್ತೀನಿ, ಹೂಗುಚ್ಛ ಹೋದ್ರೆ ಹೋಗಲಿ. ಮಧ್ಯಾಹ್ನ ಆ ಕೊಕ್ಕೆ ಪಕ್ಕ ಕೂತು ಕಪ್ಪು ಗೆರೆ ಎಳೀತೀನಿ. ಇನ್ನೇನು ಮಾವ? ಯಾಕೆ ಕೈ ಮುಂದೆ ಮಾಡಿದ್ರಿ? ಹಿಡ್ಕೊಂಡು ಎಬ್ಬಿಸ್ಲಾ?

ಅಲ್ಲ.

ಡ್ರಾಪ್ಸ್ ಹಾಕಿದ್ದಾರೆ, ಇವತ್ತು ನೀವು ಓಡಿಸೋ ಹಾಗಿಲ್ಲ, ಗೊತ್ತಲ್ಲ? ಕೀ ಮನೆಗೆ ಹೋದ್ಮೇಲೆ ಕೊಟ್ರೆ... ಬೆಳಿಗ್ಗೆ ಪುಟ್ಟಿ ಎದ್ದ ತಕ್ಷಣ ಅವಳ ಕೈಯಲ್ಲೇ ಕೊಡಿಸಿದ್ರೆ... ಬೇಡ. ಈಗಲೇ. ಗಾಡಿ ಇಲ್ಲೇ ನಿಂತಿರಲಿ, ಬಸ್ಸಲ್ಲಿ ಹೋಗೋಣ ಅಂತ. ಆಯ್ತು.

ಇದು ಕೈ ಮಾವ. ಇದನ್ನ ಕೂಗಬಲ್ಲೆ. ಕೈ. ಐದೂ ಬೆರಳು ಕಾಣ್ತಿವೆ.

ತಗೊಳ್ಳಿ.